ಬೂದಿಯಲ್ಲಿ ತಾಳಿಬೊಟ್ಟು

ಪ್ರಶ್ನೆ: ನನ್ನ ಮಗಳ ಸಂಸಾರ ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿತ್ತು. 2025ರ ಜನವರಿ 7ರ ರಾತ್ರಿ ಕಾಡ್ಗಿಚ್ಚು ಬಂದಾಗ ಉಟ್ಟ ಬಟ್ಟೆಯಲ್ಲೇ ಹೊರಟರು, ಮನೆ ಪೂರ್ತಿ ಬೂದಿಯಾಯಿತು. ಈಗ ಚರ್ಚೊಂದರ ಸ್ವಯಂಸೇವಕರು ಬಂದು ಬೂದಿ ಜರಡಿ ಹಿಡಿದು ಕೊಡುತ್ತೇವೆ, ದುಡ್ಡು ಬೇಡ ಎಂದಿದ್ದಾರಂತೆ. ಆಮೇಲೆ ಮತಾಂತರದ ಮಾತು ತೆಗೆದರೆ ಎಂದು ಅಳಿಯನಿಗೆ ಅಳುಕು. ಮಗಳಿಗೆ ಯಾರ ಋಣವೂ ಬೇಡ. ಆದರೆ ನಮ್ಮ ಅತ್ತೆಯ ತಾಳಿಬೊಟ್ಟು ಆ ಬೂದಿಯಲ್ಲೇ ಇದೆ. ಏನು ಹೇಳಲಿ?
— ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ಒಪ್ಪಿಕೊಳ್ಳಲಿ ಅನ್ನಿ ಅಮ್ಮಾ, ಇವತ್ತೇ ಫೋನ್ ಮಾಡಿ ಅನ್ನಿ. ಸುಟ್ಟ ಮನೆಗಳ ಅವಶೇಷ ತೆಗೆಯುವ ಆರ್ಮಿ ಕೋರ್‌ನವರ (ಅಮೆರಿಕ ಸೇನೆಯ ಎಂಜಿನಿಯರ್ ದಳ) ಯಂತ್ರ ಬಂತೆಂದರೆ ಬೂದಿಯ ಜೊತೆಗೆ ಮೇಲ್ಮಣ್ಣನ್ನೂ ಕೆರೆದು ಲಾರಿಗೆ ತುಂಬಿಬಿಡುತ್ತದೆ. ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ನಮ್ಮ ಮನೆ ಇರುವುದೂ ಕ್ಯಾಲಿಫೋರ್ನಿಯಾದಲ್ಲೇ. ಹಿತ್ತಿಲಲ್ಲಿ ತುಳಸಿಕಟ್ಟೆಯಿದೆ, ದಿನಾ ದೀಪ ಹಚ್ಚುತ್ತೇನೆ. 2018ರ ನವೆಂಬರ್ 8ರಂದು ಇದೇ ರಾಜ್ಯದ ಪ್ಯಾರಡೈಸ್ ಎಂಬ ಊರು ಸುಟ್ಟುಹೋಯಿತು. 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡಗಳು ನೆಲಸಮವಾದವು. ಮರುವರ್ಷದ ಆರಂಭದಲ್ಲಿ ಪಕ್ಕದ ಮನೆಯಾಕೆ ತನ್ನ ಚರ್ಚಿನ ತಂಡದ ಜೊತೆ ಜರಡಿ ಹಿಡಿಯಲು ಹೊರಟಾಗ ನಾನೂ ಹೋದೆ. ನಿನ್ನ ದೇವರು ಯಾರು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಬಿಳಿ ಅಂಗಿ, ಮಾಸ್ಕ್, ಕೈಗವಸು, ಬೂಟು ಕೊಟ್ಟರು, ಅಷ್ಟೆ.

ಎರಡು ಗೂಟದ ಮೇಲೆ ಮರದ ಚೌಕಟ್ಟು, ತಳಕ್ಕೆ ತಂತಿಬಲೆ. ಒಬ್ಬರು ಸಲಿಕೆಯಲ್ಲಿ ಸುರಿದರೆ ಇಬ್ಬರು ಆಚೀಚೆ ನಿಂತು ಅಲ್ಲಾಡಿಸಬೇಕು. ನಮ್ಮಲ್ಲಿ ರಾಗಿ ಹಿಟ್ಟು ಜರಡಿ ಹಿಡಿದಂತೆಯೇ. ಆದರೆ ಈ ಹಿಟ್ಟಿಗೆ ಸುಟ್ಟ ತಂತಿ, ಪ್ಲಾಸ್ಟಿಕ್ಕಿನ ನಾತ. ಮೊದಲು ಮೊಳೆಗಳು ಉಳಿಯುತ್ತವೆ, ರಾಶಿ ರಾಶಿ. ಆಮೇಲೆ ಗಾಜಿನ ಗಡ್ಡೆ. ಆ ಮನೆಯ ಅಜ್ಜಿ ಒಂದು ಉಂಗುರ ಕೇಳಿದ್ದರು. ಮೂರು ಗಂಟೆ ಅಲ್ಲಾಡಿಸಿದ ಮೇಲೆ ನನ್ನ ಬಲೆಯಲ್ಲಿ ಉಳಿದದ್ದು ಉಂಗುರವಲ್ಲ, ನೀಲಿ ಹೂವಿನ ಪಿಂಗಾಣಿ ಉಪ್ಪಿನ ಡಬ್ಬಿ. ಮುಚ್ಚಳದ ಮೂರು ತೂತೂ ಹಾಗೇ ಇದ್ದವು. ಕೈಗಿಟ್ಟೆ. ಅವರು ಅದನ್ನು ಅಂಗಿಗೆ ಒರೆಸಿ ಒರೆಸಿ, ಕೊನೆಗೆ ಕೆನ್ನೆಗೆ ಒತ್ತಿಕೊಂಡರು. ಉಂಗುರ ಸಿಗಲೇ ಇಲ್ಲ.

ಇದನ್ನು ಯಾಕೆ ಹೇಳಿದೆನೆಂದರೆ, ಮಗಳು ತಾಳಿಯೊಂದನ್ನೇ ಎದುರು ನೋಡುತ್ತಾ ನಿಲ್ಲಬಾರದು. ಪಿಂಗಾಣಿ ಮೊದಲೇ ಗೂಡಿನಲ್ಲಿ ಬೆಂದದ್ದು, ಆದ್ದರಿಂದ ಉಳಿಯುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ನೀರಾಗುತ್ತದೆ. ಸುಟ್ಟ ಕಾರಿನ ಚಕ್ರ ಕರಗಿ ರಸ್ತೆಯಲ್ಲಿ ಬೆಳ್ಳಿಯ ತೊರೆಯಂತೆ ಹರಿದು ಗಟ್ಟಿಯಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಪ್ಪಟ ಚಿನ್ನಕ್ಕೆ 1,064 ಡಿಗ್ರಿ ಬೇಕು. ಆಭರಣದ ಚಿನ್ನಕ್ಕೆ ಬೆರಕೆಯಿರುವುದರಿಂದ ಅದಕ್ಕಿಂತ ಮೊದಲೇ ಕರಗಬಹುದು. ಬೊಟ್ಟು ಬೊಟ್ಟಾಗಿಯೇ ಸಿಗಬಹುದು, ಇಲ್ಲವೇ ಕಡಲೆಕಾಳಿನಷ್ಟು ಹಳದಿ ಉಂಡೆಯಾಗಿ. ಉಂಡೆಯನ್ನು ಎಸೆಯದಿರಲಿ. ಅದೂ ನಿಮ್ಮ ಅತ್ತೆಯದೇ.

ಮನೆಯ ನಕ್ಷೆಯನ್ನು ಇವತ್ತೇ ಕಾಗದದ ಮೇಲೆ ಬರೆಯಲಿ: ಮಂಚ ಎಲ್ಲಿ, ಬೀರು ಎಲ್ಲಿ, ದೇವರ ಗೂಡು ಎಲ್ಲಿ. ಮಹಡಿಯ ಮೇಲಿನ ವಸ್ತು ಸಾಮಾನ್ಯವಾಗಿ ನೇರ ಕೆಳಗೆ ಬಿದ್ದಿರುತ್ತದೆ. ತಂಡಕ್ಕೆ ಆ ಕಾಗದಕ್ಕಿಂತ ದೊಡ್ಡ ಸಹಾಯವಿಲ್ಲ. ಇಪಿಎಯವರು (ಸರ್ಕಾರದ ಪರಿಸರ ಸಂರಕ್ಷಣಾ ಸಂಸ್ಥೆ) ಬ್ಯಾಟರಿ, ಪೇಂಟು, ಸಿಲಿಂಡರ್ ತೆಗೆದ ಮೇಲೆಯೇ ಒಳಗೆ ಕಾಲಿಡಲಿ. ಬೂದಿಯಲ್ಲಿ ಸೀಸ, ಆರ್ಸೆನಿಕ್, ಕಲ್ನಾರು ಇರುತ್ತವೆ, ಮಕ್ಕಳನ್ನು ಕರೆದೊಯ್ಯುವುದು ಬೇಡವೇ ಬೇಡ.

ಇನ್ನು ಅಳಿಯನ ಅಳುಕು. ಅದು ಸುಳ್ಳಲ್ಲ. ಸಮಾರಿಟನ್ಸ್ ಪರ್ಸ್‌ನಂಥ ಕ್ರೈಸ್ತ ಸೇವಾ ಸಂಸ್ಥೆಯವರು ಕೆಲಸ ಮುಗಿಸಿ ಮನೆಯವರೊಡನೆ ಪ್ರಾರ್ಥಿಸುತ್ತಾರೆ, ತಂಡದವರೆಲ್ಲ ಸಹಿ ಹಾಕಿದ ಬೈಬಲ್ ಕೊಡುತ್ತಾರೆ. ಬೇರೊಂದು ಕಡೆ ಒಬ್ಬರು ಕೇಳದೆಯೇ ಮನೆಯೊಡತಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರುಮಾಡಿದ್ದನ್ನು ನೋಡಿದ್ದೇನೆ. ಆಕೆ ಅಳುತ್ತಾ ಕಲ್ಲಿನಂತೆ ನಿಂತಿದ್ದಳು. ನನಗೆ ಅದು ತಪ್ಪೆನಿಸಿತು, ಈಗಲೂ ತಪ್ಪೇ. ಆದ್ದರಿಂದ ನಿಮ್ಮ ಮಗಳು ಮೊದಲೇ ಹೇಳಿಬಿಡಲಿ: ‘ಕೆಲಸಕ್ಕೆ ಕೈಮುಗಿಯುತ್ತೇನೆ, ಪ್ರಾರ್ಥನೆ ಬೇಡ.’ ಹಾಗೆ ಹೇಳಿದ್ದಕ್ಕೆ ಸಲಿಕೆ ಕೆಳಗಿಟ್ಟವರನ್ನು ನಾನು ಕಂಡಿಲ್ಲ. ಆ ಬೆಂಕಿಯಲ್ಲಿ ಆಲ್ಟಡೀನಾದ ಮಸ್ಜಿದ್ ಅಲ್-ತಖ್ವಾ ಸುಟ್ಟಿತು, ಪಸಡೀನಾದ ಯಹೂದಿ ಮಂದಿರವೂ ಸುಟ್ಟಿತು. ಯಾರ ದೇವರ ಮನೆಯನ್ನೂ ಅದು ಬಿಡಲಿಲ್ಲ.

ಋಣದ ಮಾತು ನಿಮಗೆ ನಾನು ಹೇಳಬೇಕೇ? ನಿಮ್ಮ ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಬರುವುದಿಲ್ಲವೇ? ಅಲ್ಲಿ ಬಂದವರ ಗದ್ದೆಗೇ ತಿರುಗಿ ಹೋಗುತ್ತೀರಿ. ಇಲ್ಲಿ ಬಂದವರಿಗೇ ತೀರಿಸಬೇಕೆಂದಿಲ್ಲ. ಮುಂದೆ ಇನ್ನೊಬ್ಬರ ಮನೆಯ ಬೂದಿಗೆ ನಿಮ್ಮ ಮಗಳು ಜರಡಿ ಹಿಡಿಯಲಿ.

ಪ್ರಶ್ನೆ: ನಮ್ಮ ಮಹಿಳಾ ಸಮಾಜದಿಂದ ಆಲ್ಟಡೀನಾದಲ್ಲಿ ಮನೆ ಕಳೆದುಕೊಂಡವರಿಗೆ ಒಳ್ಳೆಯ ಹಳೆ ಬಟ್ಟೆ ಕಳಿಸಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಆದರೆ ಬಟ್ಟೆ ಬೇಡ. ಅದನ್ನು ವಿಂಗಡಿಸುವುದಕ್ಕೇ ಜನ ಸಾಲುವುದಿಲ್ಲ. ತೈವಾನಿನ ಬೌದ್ಧ ಸಂಸ್ಥೆ ತ್ಸು ಚಿಯವರು ಮನೆ ಕಳೆದುಕೊಂಡವರಿಗೆ ದುಡ್ಡು ತುಂಬಿದ ಕಾರ್ಡನ್ನು ತಲೆಬಾಗಿ, ಎರಡೂ ಕೈಯಲ್ಲಿ ಕೊಡುತ್ತಾರೆ. ಚಪ್ಪಲಿಯೋ, ಮಗುವಿನ ಔಷಧಿಯೋ, ಬೇಕಾದ್ದನ್ನು ಅವರವರೇ ಕೊಳ್ಳಬಹುದು. 1966ರಲ್ಲಿ ಆ ಸಂಸ್ಥೆ ಶುರುವಾದದ್ದು ಮೂವತ್ತು ಗೃಹಿಣಿಯರು ದಿನಾ ಸಂತೆಗೆ ಹೋಗುವ ಮೊದಲು ಬಿದಿರಿನ ಗೋಲಕಕ್ಕೆ ಹಾಕಿದ ಪುಡಿಗಾಸಿನಿಂದ. ನಿಮ್ಮ ಸಮಾಜದ ಬಾಗಿಲಲ್ಲೂ ಒಂದು ಗೋಲಕ ಇಡಿ.