ನೋಡದ್ದಕ್ಕೆ ಸಾಕ್ಷಿಯೇ?

ಸರ್ಜಿಕಲ್ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್ ಒಬ್ಬರ ಪತ್ರ ಇದು. ಐವತ್ತೆಂಟರ ಹೆಂಗಸಿಗೆ ಸ್ತನದಲ್ಲಿ ಗಂಟು. ಒಪ್ಪಿಗೆ ಪತ್ರದಲ್ಲಿರುವುದು ಇಡೀ ಸ್ತನ ತೆಗೆಯುವ ಆಪರೇಷನ್, ಕೆಳಗೆ ಆಕೆಯದೇ ಸಹಿ. ಹಿಂದಿನ ರಾತ್ರಿ ಆಕೆ ಕೇಳಿದರಂತೆ: "ಗಂಟು ತೆಗೆದ ಗಾಯ ಚಿಕ್ಕದೇ ಅಲ್ವಾ ಸಿಸ್ಟರ್?" ಅಮ್ಮನಿಗೆ ಏನೂ ಹೇಳಬೇಡಿ, ಗಾಬರಿಯಾಗ್ತಾರೆ ಎಂದು ಮಗನ ತಾಕೀತು. "ಸಹಿ ಆಗಿದೆಯಲ್ಲ, ನಿನಗ್ಯಾಕೆ ಉಸಾಬರಿ?" ಎಂದರು ಇನ್‌ಚಾರ್ಜ್ ಸಿಸ್ಟರ್. ಸಕ್ಕರೆ ಏರಿದ್ದರಿಂದ ಆಪರೇಷನ್ ಮುಂದಿನ ವಾರಕ್ಕೆ ಹೋಗಿದೆ. ಹೇಳಲೇ, ಸುಮ್ಮನಿರಲೇ ಎಂಬುದು ಪ್ರಶ್ನೆ.

ಮಗನನ್ನು ಒಂದು ಪುಟ ಬೈದಿದ್ದೀರಿ. ಆಮೇಲೆ ಕಂಸದೊಳಗೆ ಒಂದೇ ಸಾಲು: "ಸಾಕ್ಷಿ ಜಾಗದಲ್ಲಿ ನನ್ನ ಸಹಿ ಇದೆ, ಡ್ಯೂಟಿಗೆ ಬಂದಾಗ ಫೈಲ್ ಕೊಟ್ಟರು, ಹಾಕಿದೆ." ಅಲ್ಲಮ್ಮಾ, ನಿಮಗೆ ನಿದ್ದೆಗೆಡಿಸಿರುವುದು ಮಗನಲ್ಲ, ಈ ಸಾಲು.

ಏನು ಮಾಡುತ್ತೇವೆ, ಅಪಾಯವೇನು, ಬೇರೆ ದಾರಿ ಇದೆಯೇ, ಏನೂ ಮಾಡದಿದ್ದರೆ ಏನಾದೀತು ಎಂದು ವಿವರಿಸುವುದು ಸರ್ಜನ್ನರ ಕೆಲಸ. ಅದನ್ನು ನೀವು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಆದರೆ ಆಕೆ ನನ್ನ ಕಣ್ಣೆದುರು, ಯಾರ ಬಲವಂತವೂ ಇಲ್ಲದೆ, ಸ್ವಬುದ್ಧಿಯಿಂದ ಸಹಿ ಹಾಕಿದರು ಎನ್ನುವುದು ನಿಮ್ಮ ಸಹಿಯ ಅರ್ಥ. ನೀವು ಅಲ್ಲಿರಲೇ ಇಲ್ಲ.

ಮಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ; ಹೆದರಿದ ಹುಡುಗ. ಸಿಟ್ಟಿರುವುದು ಇನ್‌ಚಾರ್ಜ್ ಮೇಲೆ. ಅಷ್ಟು ವರ್ಷ ವಾರ್ಡಿನಲ್ಲಿದ್ದು ಕಿರಿಯರಿಗೆ ಕಲಿಸಿದ್ದು ಇದೇ ಏನು?

'ಗಾಬರಿಯಾಗ್ತಾರೆ' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಈ ಅಂಕಣ ಓದುವವರಿಗೆ ಗೊತ್ತು. ನ್ಯೂಯಾರ್ಕಿನಲ್ಲಿ ಮೇರಿ ಶ್ಲೋಂಡಾರ್ಫ್ ಎಂಬಾಕೆ, ಈಥರ್ ಕೊಟ್ಟು ಪರೀಕ್ಷೆ ಮಾತ್ರ ಮಾಡಿ, ಕೊಯ್ಯಬೇಡಿ ಎಂದಿದ್ದಳು. ಎಚ್ಚರ ತಪ್ಪಿದಾಗ ಗಡ್ಡೆ ತೆಗೆದರು; ಆಕೆ ಕೋರ್ಟಿಗೆ ಹೋದಳು. ಸ್ವಸ್ಥಬುದ್ಧಿಯ ವಯಸ್ಕರ ದೇಹಕ್ಕೆ ಏನಾಗಬೇಕೆಂಬುದು ಅವರದೇ ತೀರ್ಮಾನ ಎಂದು ನ್ಯಾಯಮೂರ್ತಿ ಕಾರ್ಡೋಜೊ 1914ರಲ್ಲಿ ಬರೆದದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ತೀರ್ಪಿನಲ್ಲಿ, ನಡುರಾತ್ರಿ ನರ್ಸ್ ಆಪರೇಷನ್ ಮಾತೆತ್ತಿದರೆ ರೋಗಿಗೆ ವೃಥಾ ಗಾಬರಿ ಎಂಬರ್ಥದ ಮಾತೂ ಇದೆ! ಮೇರಿ ಕೇಸು ಸೋತಳು.

ಗೊತ್ತಾಗುವುದೇ ಬೇಡ, ಮಗನನ್ನು ಕೇಳಿ ಎನ್ನುವ ಹಕ್ಕು ರೋಗಿಗೆ ಉಂಟು. ಅದನ್ನು ಆಕೆಯ ಬಾಯಿಂದ ಕೇಳಬೇಕು, ಮಗನ ಬಾಯಿಂದಲ್ಲ.

ನಿಮಗೆ ಹೇಳುವುದು ಒಂದೇ, ಅಚ್ಚಾಗುವವರೆಗೆ ಕಾಯಬಾರದೆಂದು ಉತ್ತರವನ್ನು ಮೊದಲೇ ಕಳಿಸಿದ್ದೇನೆ: ಸರ್ಜನ್ನರಿಗೆ ನೀವೇ ಫೋನ್ ಮಾಡಿ, "ರೋಗಿಗೆ ಅರ್ಥವಾಗಿಲ್ಲ, ನನ್ನ ಸಾಕ್ಷಿ ಸಹಿ ಸರಿಯಾದದ್ದಲ್ಲ, ಬಂದು ಮಾತಾಡಿ" ಎನ್ನಿ. ರೋಗಿ ಕೇಳಿದ ಪ್ರಶ್ನೆಯನ್ನು ಆಕೆಯದೇ ಮಾತಿನಲ್ಲಿ, ದಿನ, ಗಂಟೆ ಸಮೇತ ನರ್ಸಸ್ ನೋಟ್ಸ್‌ನಲ್ಲಿ ಬರೆಯಿರಿ. ಇನ್‌ಚಾರ್ಜ್ ಮುಖ ಸಿಂಡರಿಸಿದರೆ ಸಿಂಡರಿಸಲಿ.