ಮಗಳಿಗೆ ಒಂಬತ್ತು ವರ್ಷ, ಜಿಮ್ನಾಸ್ಟ್ ದೀಪಾ ಕರ್ಮಾಕರ್ ಥರ ಆಗಬೇಕಂತೆ. ತಡವಾಯ್ತಾ? ಹಾಸನ ಬಿಟ್ಟು ಬೆಂಗಳೂರಿಗೆ ಮನೆ ಮಾಡಬೇಕಾ?

ವಯಸ್ಸು ಮೀರಿತೇನೋ ಅನ್ನೋದು ನಿಮ್ಮ ಚಿಂತೆ. ನನಗೆ ಭಯ ಆಗಿದ್ದು ನೀವು ಹೆಮ್ಮೆಯಿಂದ ಬರೆದ ಇನ್ನೊಂದು ಸಾಲಿಗೆ: ಯೂಟ್ಯೂಬ್ ನೋಡಿ ತಾರಸಿ ಮೇಲೆ ಲಾಗ ಹಾಕೋದು ಕಲಿತಿದ್ದಾಳೆ ಅಂತ. ಅದನ್ನ ಇವತ್ತೇ ನಿಲ್ಲಿಸಿ.

ನಾನೂ ಹಾಸನದವಳೇ. ಸ್ಕೂಲ್ ಡೇ ಬಂದರೆ ನನ್ನ ಲಾಗ ಇರಲೇಬೇಕಿತ್ತು. ಸ್ಟೇಜಿನ ಹಲಗೆ, ಅದರ ಮೇಲೊಂದು ಜಮಖಾನ, ಅಷ್ಟೇ. ಓಡಿ ಬಂದು ಬೆಂಚು ದಾಟಿ ಲಾಗ ಹಾಕಿ ನಿಂತರೆ ಚಪ್ಪಾಳೆ. ಹೇಗೆ ನಿಲ್ಲುತ್ತಿದ್ದೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಆಟ ಕೆಟ್ಟಿದ್ದೇ ಅಲ್ಲಿ. ಪಾದ ಎರಡೂ ಜೋಡಿಸಿ, ಮಂಡಿ ಸೆಟೆಸಿ, ಕೈ ಮೇಲೆತ್ತಿ. ಮಂಡಿ ಬಗ್ಗಿದರೆ ಕುಕ್ಕರಗಾಲಲ್ಲಿ ಕೂತ ಹಾಗೆ ಕಾಣುತ್ತೆ, ನೆಟ್ಟಗೆ ನಿಲ್ಲು ಅಂತ ಪಿಟಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನೋಡೋಕೆ ಚೆಂದವೇ. ಆದರೆ ಮೇಲಿಂದ ಬರೋ ಮೈಭಾರವನ್ನ ಯಾವುದಾದರೂ ಹೊರಲೇಬೇಕಲ್ಲ? ಪಾದದ ಕೀಲು, ಮಂಡಿ, ಸೊಂಟ ಮೂರೂ ಒಟ್ಟಿಗೆ ಬಗ್ಗಿದರೆ ತೊಡೆಯ ಸ್ನಾಯು ಹೊರುತ್ತೆ. ಮಂಡಿ ಸೆಟೆದಿದ್ದರೆ, ಇಲ್ಲಾ ಒಳಕ್ಕೆ ವಾಲಿದರೆ, ಹೊಡೆತ ಬೀಳೋದು ಮಂಡಿಯೊಳಗಿನ ಲಿಗಮೆಂಟಿಗೆ, ಅಂದರೆ ಮೂಳೆಗಳನ್ನ ಕಟ್ಟಿ ಹಿಡಿಯೋ ಪಟ್ಟಿಗೆ. ವರ್ಷಗಟ್ಟಲೆ ನಾನು ಕಲಿತಿದ್ದು ಆ ತಪ್ಪು ನಿಲುವನ್ನೇ.

ಹೈಸ್ಕೂಲಿಗೆ ಬಂದಾಗ ಆಲೂಗಡ್ಡೆಗೆ ಒಳ್ಳೆ ರೇಟು ಸಿಕ್ಕ ವರ್ಷ ಅಪ್ಪ ಧೈರ್ಯ ಮಾಡಿ ಬೆಂಗಳೂರಿನ ಒಂದು ಜಿಮ್ನಾಸ್ಟಿಕ್ಸ್ ಕೋಚಿಂಗಿಗೆ ಸೇರಿಸಿದರು. ಲಾಗ ಬರುತ್ತಲ್ಲ ಅಂತ ಅಲ್ಲಿನ ಕೋಚ್ ನೇರ ವಾಲ್ಟಿಗೆ, ಅಂದರೆ ಓಡಿ ಬಂದು ಎತ್ತರದ ಟೇಬಲ್ ಮೇಲೆ ಕೈಯೂರಿ ಹಾರೋ ಆಟಕ್ಕೆ, ಹಾಕಿದರು. ಹೆಣ್ಣುಮಕ್ಕಳ ವಾಲ್ಟ್ ಟೇಬಲ್ಲಿನ ಎತ್ತರ 125 ಸೆಂಟಿಮೀಟರ್. ಕೈಯಲ್ಲಿ ಅದನ್ನ ತಳ್ಳಿ ಇನ್ನೂ ಮೇಲಕ್ಕೆ ಹೋಗ್ತೀವಿ. ಅಷ್ಟೆತ್ತರದಿಂದ ಇಳಿಯುವಾಗಲೂ ನನ್ನ ಮೈಗೆ ನೆನಪಿದ್ದದ್ದು ಸ್ಟೇಜಿನ ನಿಲುವು. ಟಕ್ ಅಂದ ಸದ್ದು ನನಗೇ ಕೇಳಿಸಿತು. ಎಸಿಎಲ್, ಅಂದರೆ ಮಂಡಿಯೊಳಗಿನ ಆ ಲಿಗಮೆಂಟ್, ಹರಿದಿತ್ತು. ಆಪರೇಷನ್, ಫಿಸಿಯೊ ಎಲ್ಲ ಆಯ್ತು, ವಾಲ್ಟಿಗೆ ಮಾತ್ರ ಮತ್ತೆ ಓಡಲಿಲ್ಲ.

ಮಗಳು ದೀಪಾ ಹೆಸರು ಹೇಳ್ತಾಳೆ ಅಂದಿರಿ. 2016ರ ರಿಯೊ ಒಲಿಂಪಿಕ್ಸ್ ವಾಲ್ಟ್ ಫೈನಲ್‌ನಲ್ಲಿ ಅವರಿಗೆ 15.066, ಕಂಚು ಗೆದ್ದ ಸ್ವಿಟ್ಜರ್ಲೆಂಡಿನ ಸ್ಟೈನ್‌ಗ್ರೂಬರ್‌ಗೆ 15.216. ಅಲ್ಲಿ ಲೆಕ್ಕಕ್ಕೆ ಬರೋದು ಎರಡು ವಾಲ್ಟಿನ ಸರಾಸರಿ. ಇಳಿದ ಮೇಲೆ ತೂಕ ತಪ್ಪಿ ಒಂದು ದೊಡ್ಡ ಹೆಜ್ಜೆ ಇಟ್ಟರೆ 0.3 ಕಳೀತಾರೆ, ಸರಾಸರಿಯಲ್ಲಿ 0.15. ಪದಕ ಕೈತಪ್ಪಿದ ಅಂತರವೂ ಸರಿಯಾಗಿ ಅಷ್ಟೇ. ಎಲ್ಲರೂ ಅವರ ಪ್ರೊಡುನೋವಾ ಅನ್ನೋ ವಾಲ್ಟಿನಲ್ಲಿ ಗಾಳಿಯಲ್ಲೇ ಹಾಕೋ ಎರಡು ಲಾಗಗಳನ್ನೇ ಹೊಗಳ್ತಾರೆ, ಇಳಿಯೋದನ್ನ ಯಾರೂ ನೋಡಲ್ಲ. ಮರುವರ್ಷ ಅವರಿಗೂ ಎಸಿಎಲ್ ಆಪರೇಷನ್ ಆಯ್ತು. ಆದರೆ ಅವರು ವಾಪಸ್ ಬಂದರು: 2018ರಲ್ಲಿ ಟರ್ಕಿಯ ಮೆರ್ಸಿನ್‌ನಲ್ಲಿ ಚಿನ್ನ, 2024ರಲ್ಲಿ, ಮೂವತ್ತರ ವಯಸ್ಸಲ್ಲಿ, ತಾಷ್ಕೆಂಟ್‌ನಲ್ಲಿ ಏಷ್ಯನ್ ಚಿನ್ನ.

ಹಾಗಾಗಿ 'ತಡವಾಯ್ತಾ' ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ದೀಪಾ ಶುರು ಮಾಡಿದ್ದು ಆರರ ಸುಮಾರಿಗೆ, ನಿಜ. ಆದರೆ ಸೀನಿಯರ್ ಅಂತಾರಾಷ್ಟ್ರೀಯ ಸ್ಪರ್ಧೆಗೆ ಆ ವರ್ಷದೊಳಗೆ 16 ತುಂಬಿರಬೇಕು. ನಿಮ್ಮ ಕೈಯಲ್ಲಿ ಏಳು ವರ್ಷ ಇದೆ. ಉಜ್ಬೇಕಿಸ್ತಾನದಲ್ಲಿ ಹುಟ್ಟಿದ ಜಿಮ್ನಾಸ್ಟ್ ಚುಸೊವಿಟಿನಾ 2008ರಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದಾಗ ಅವರಿಗೆ 33, ಒಬ್ಬ ಮಗನ ತಾಯಿ.

ಮನೆ ಖಾಲಿ ಮಾಡೋ ಮಾತು ಈಗಲೇ ಬೇಡ. ದೀಪಾ ಬೆಳೆದಿದ್ದು ಅಗರ್ತಲಾದಲ್ಲಿ, ಮಹಾನಗರದಲ್ಲಲ್ಲ. ರಜೆಯಲ್ಲಿ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಎರಡು ಮೂರು ಕಡೆ ಪೂರ್ತಿ ಕ್ಲಾಸ್ ಕೂತು ನೋಡಿ. ಹೊಸ ಮಕ್ಕಳನ್ನ ಮಂಡಿಯೆತ್ತರದ ಡಬ್ಬಿಯಿಂದ ಹಾರಿಸಿ, ಪಾದ ಸೊಂಟದಗಲ ಇಟ್ಟು, ಮಂಡಿ ಕಾಲ್ಬೆರಳಿನ ನೇರಕ್ಕೆ ಬಗ್ಗಿಸಿ ಅಲುಗಾಡದೆ ನಿಲ್ಲಿಸ್ತಾರಾ? ಬೇಜಾರಿಲ್ಲದೆ ಅದನ್ನೇ ಮತ್ತೆ ಮತ್ತೆ ಮಾಡಿಸೋ ಕೋಚ್ ಸಿಕ್ಕರೆ ಬಿಡಬೇಡಿ, ಅವರಿಗೋಸ್ಕರ ಬೇಕಾದರೆ ಮನೆ ಮಾಡಿ. ಮೊದಲ ದಿನವೇ ನಿಮ್ಮ ಮಗಳ ಲಾಗ ನೋಡಿ ಭಲೇ ಅಂದು ವಾಲ್ಟಿಗೆ ಓಡಿಸಿದರೆ, ಕೊಟ್ಟ ಫೀಸು ಹೋದರೂ ಸರಿ, ಕರ್ಕೊಂಡು ವಾಪಸ್ ಬನ್ನಿ.