ಮೀಡಿಯಾ ಬಾಟಲಿಗೆ ಏನು ಸೇರಿಸಬೇಕು, ಏನು ಬೇಡ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಬಹಳ ವರ್ಷ ಸೆಲ್ ಕಲ್ಚರ್ ಕೋಣೆಯ ಉಸ್ತುವಾರಿ ನೋಡಿಕೊಂಡವಳು ನಾನು. ಪ್ರಾಣಿಗಳ ಜೀವಕೋಶಗಳನ್ನು ದೇಹದ ಹೊರಗೆ, ಫ್ಲಾಸ್ಕಿನಲ್ಲಿ ಬೆಳೆಸುವ ಕೆಲಸ ಅದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಕೋಶಗಳ ಆಹಾರದ ಬಗ್ಗೆಯೇ, ಅಂದರೆ ನಾವು ‘ಮೀಡಿಯಾ’ ಎಂದು ಕರೆಯುವ ಪೋಷಕ ದ್ರವದ ಬಗ್ಗೆಯೇ ಇವೆ. ಕೆಲವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕ, ಧಾರವಾಡದವನು. ಮನುಷ್ಯನಿಗೆ ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಒಂಬತ್ತು ಎಂದು ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ಬೆಳೆಯುವ ಕೋಶಕ್ಕೆ ಹದಿಮೂರು ಬೇಕು ಎಂದು ಓದಿದೆ. ಯಾವುದು ಸರಿ?

ಎರಡೂ ಸರಿ, ಮೇಷ್ಟ್ರೇ. 1950ರ ದಶಕದಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಹ್ಯಾರಿ ಈಗಲ್ ಎಂಬ ವಿಜ್ಞಾನಿ ಇದನ್ನೇ ಹುಡುಕಲು ಕೂತರು. ಅವರ ಕೈಯಲ್ಲಿ ಎರಡು ಬಗೆಯ ಕೋಶಗಳಿದ್ದವು. ಒಂದು ಇಲಿಯ ಎಲ್ ಕೋಶ. ಇನ್ನೊಂದು ಹೀಲಾ, ಅಂದರೆ 1951ರಲ್ಲಿ ಬಾಲ್ಟಿಮೋರ್‌ನ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ, ಅವರಿಗೆ ತಿಳಿಸದೆ ತೆಗೆದುಕೊಂಡದ್ದು. ಈ ಹೆಸರನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಈಗಲ್ ಮಾಡಿದ್ದು ಸರಳ ಕೆಲಸ, ಆದರೆ ತಾಳ್ಮೆ ಬೇಡುವಂಥದ್ದು. ಮೀಡಿಯಾಗೆ ಸೇರಿಸುವ ಸೀರಮ್ಮಿನಲ್ಲಿರುವ (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) ಸಣ್ಣ ಸಣ್ಣ ಅಣುಗಳನ್ನು ಡಯಾಲಿಸಿಸ್ ಮಾಡಿ, ಅಂದರೆ ಪೊರೆಯ ಮೂಲಕ ಸೋಸಿ ತೆಗೆದರು. ಆಮೇಲೆ ಪೋಷಕಾಂಶಗಳನ್ನು ಒಂದೊಂದಾಗಿ ಬಿಟ್ಟು ನೋಡಿದರು. ಯಾವುದನ್ನು ಬಿಟ್ಟರೆ ಕೋಶ ಸಾಯುತ್ತದೋ ಅದು ಬೇಕೇ ಬೇಕು. ಹೀಗೆ 1955ರಲ್ಲಿ ಹದಿಮೂರು ಅಮೈನೋ ಆಮ್ಲಗಳು ಮತ್ತು ಏಳು ವಿಟಮಿನ್‌ಗಳ ಪಟ್ಟಿ ಹೊರಬಂತು. ಎರಡು ವರ್ಷದ ಮೇಲೆ ಇನಾಸಿಟಾಲ್ ಕೂಡ ಸೇರಿತು. 1959ರಲ್ಲಿ ಬಂದ ಅವರ ‘ಎಂಇಎಂ’ ಮೀಡಿಯಾ ಇವತ್ತಿಗೂ ನಮ್ಮ ಫ್ರಿಜ್ಜುಗಳಲ್ಲಿದೆ.

ಹೆಚ್ಚುವರಿ ನಾಲ್ಕು ಯಾವುವು? ಅರ್ಜಿನಿನ್, ಸಿಸ್ಟಿನ್, ಟೈರೋಸಿನ್, ಗ್ಲುಟಮಿನ್. ದೇಹದಲ್ಲಿ ಟೈರೋಸಿನ್ ಮುಖ್ಯವಾಗಿ ಯಕೃತ್ತಿನಲ್ಲಿ ತಯಾರಾಗುತ್ತದೆ. ಮೂತ್ರಪಿಂಡ ಅರ್ಜಿನಿನ್ ಕೊಡುತ್ತದೆ. ಸ್ನಾಯುಗಳು ಗ್ಲುಟಮಿನ್ ಕೊಡುತ್ತವೆ. ಕೂಡು ಕುಟುಂಬದಲ್ಲಿ ಯಾರೋ ಅಡುಗೆ ಮಾಡುತ್ತಾರೆ, ಎಲ್ಲರೂ ಉಣ್ಣುತ್ತಾರೆ. ಫ್ಲಾಸ್ಕಿನಲ್ಲಿರುವ ಕೋಶ ಬೇರೆ ಮನೆ ಮಾಡಿದೆ. ಅಲ್ಲಿ ಯಕೃತ್ತೂ ಇಲ್ಲ, ಮೂತ್ರಪಿಂಡವೂ ಇಲ್ಲ. ನಾವೇ ಕೊಡಬೇಕು.

ಪ್ರಶ್ನೆ: ದಾವಣಗೆರೆಯಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಓದುತ್ತಿದ್ದೇನೆ ಮೇಡಂ. ಮೀಡಿಯಾಗೆ ‘ನಾನ್ ಎಸೆನ್ಷಿಯಲ್ ಅಮೈನೋ ಆಮ್ಲ’ ಶೇಕಡಾ 1ರಷ್ಟು ಹಾಕು ಅಂತ ಸೀನಿಯರ್ ಹೇಳುತ್ತಾರೆ. ಕೋಶ ತಾನೇ ಮಾಡಿಕೊಳ್ಳುತ್ತದೆ ಅಂದ ಮೇಲೆ ದುಡ್ಡು ಕೊಟ್ಟು ಯಾಕೆ ಹಾಕಬೇಕು?

ಒಳ್ಳೆಯ ಪ್ರಶ್ನೆ. ಕೇಳದೆ ಸುಮ್ನೆ ಹಾಕುತ್ತಾ ಹೋಗುವವರೇ ಜಾಸ್ತಿ.

ಆ ಬಾಟಲಿಯಲ್ಲಿ ಏಳು ಇವೆ: ಗ್ಲೈಸಿನ್, ಅಲನಿನ್, ಸೆರಿನ್, ಪ್ರೋಲಿನ್, ಆಸ್ಪರಜಿನ್, ಆಸ್ಪಾರ್ಟಿಕ್ ಆಮ್ಲ, ಗ್ಲುಟಾಮಿಕ್ ಆಮ್ಲ. ಒಂದೊಂದೂ 10 ಮಿಲಿಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ). 500 ಮಿ.ಲೀ. ಮೀಡಿಯಾಗೆ 5 ಮಿ.ಲೀ. ಹಾಕಿದರೆ ಒಂದೊಂದೂ ಸುಮಾರು 0.1 ಮಿಲಿಮೋಲಾರ್‌ಗೆ ಬರುತ್ತದೆ.

ಮೀಡಿಯಾಗಳಲ್ಲಿ ಹಲವು ಬಗೆ, ಈಗ ನಿನ್ನ ಮೀಡಿಯಾದ ಫಾರ್ಮುಲಾ ತೆಗೆದು ನೋಡು. ಎಂಇಎಂನ ಮೂಲ ರೂಪದಲ್ಲಿ ಈ ಏಳರಲ್ಲಿ ಒಂದೂ ಇಲ್ಲ. ಡಿಎಂಇಎಂನಲ್ಲಿ ಗ್ಲೈಸಿನ್ ಮತ್ತು ಸೆರಿನ್ ಮಾತ್ರ ಇವೆ. ಆರ್‌ಪಿಎಂಐ 1640ರಲ್ಲಿ ಅಲನಿನ್ ಬಿಟ್ಟು ಉಳಿದ ಆರೂ ಇವೆ. ಹ್ಯಾಮ್ಸ್ ಎಫ್-12ರಲ್ಲಿ ಏಳೂ ಇವೆ. ಹಾಗಾಗಿ ಎಫ್-12 ಬಳಸುವವರು ಮತ್ತೆ ಈ ಬಾಟಲಿ ಕೊಳ್ಳುವುದರಲ್ಲಿ ಅರ್ಥವಿಲ್ಲ. ಎಂಇಎಂನಲ್ಲಿ ಹೆಪ್‌ಜಿ2 ಯಕೃತ್ ಕೋಶ ಬೆಳೆಸುವವರು ಬಿಡಬಾರದು.

ಕೋಶ ತಾನೇ ಮಾಡಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಮಾಡಿಕೊಂಡದ್ದು ಒಳಗೇ ಉಳಿಯಬೇಕಲ್ಲ? ಅದು ಸುತ್ತಲಿನ ಮೀಡಿಯಾಗೆ ಸೋರಿ ಹೋಗುತ್ತದೆ. ಕೋಶಗಳು ಒತ್ತೊತ್ತಾಗಿದ್ದರೆ ಸೋರಿದ್ದರಿಂದ ಮೀಡಿಯಾ ಬೇಗ ತುಂಬಿಕೊಳ್ಳುತ್ತದೆ, ಯಾರಿಗೂ ಕೊರತೆಯಾಗದು. ದೊಡ್ಡ ಫ್ಲಾಸ್ಕಿಗೆ ನಾಲ್ಕು ಕೋಶ ಬಿತ್ತಿದರೆ ಎಷ್ಟು ಮಾಡಿದರೂ ಸಾಲದು. ಇದನ್ನೂ ಈಗಲ್ ಅವರೇ 1962ರಲ್ಲಿ ತೋರಿಸಿದರು. ಒಂದೇ ಕೋಶದಿಂದ ಕ್ಲೋನ್ ಎತ್ತುವಾಗ, ಫ್ರೀಜ್ ಮಾಡಿದ ವಯಲ್ ಕರಗಿಸಿದ ಮೊದಲ ವಾರದಲ್ಲಿ, ಈ ಬಾಟಲಿ ಕೈ ಹಿಡಿಯುತ್ತದೆ.

ಇನ್ನು ಕೆಲವು ಕೋಶಗಳಿಗೆ ಮಾಡಿಕೊಳ್ಳಲು ಬರುವುದೇ ಇಲ್ಲ. 1957ರಲ್ಲಿ ವಿಜ್ಞಾನಿ ಥಿಯೋಡರ್ ಪಕ್ ಅವರು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ತೆಗೆದು ಬೆಳೆಸಿದ ಸಿಎಚ್ಒ ಕೋಶಗಳಿವೆಯಲ್ಲ, ಅವುಗಳ ಕೆ1 ತಳಿಗೆ ಪ್ರೋಲಿನ್ ಕೊಡದಿದ್ದರೆ ಬೆಳೆಯುವುದಿಲ್ಲ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಔಷಧ ತಯಾರಾಗುವುದು ಸಿಎಚ್ಒ ಕೋಶಗಳಲ್ಲೇ. ನಮ್ಮ ಬಯೋಕಾನ್ ಕೂಡ ಈ ಔಷಧ ಮಾಡುತ್ತದೆ.

ಆಸ್ಪರಜಿನ್ ಕಥೆ ನನಗೆ ಇನ್ನೂ ಹತ್ತಿರದ್ದು. ಮಕ್ಕಳಿಗೆ ಬರುವ ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಕೆಟ್ಟ ಕೋಶಗಳಿಗೆ ಆಸ್ಪರಜಿನ್ ತಯಾರಿಸುವ ಶಕ್ತಿ ತುಂಬಾ ಕಡಿಮೆ. ರಕ್ತದಲ್ಲಿ ಸಿಕ್ಕಿದ್ದನ್ನೇ ನಂಬಿ ಬದುಕುತ್ತವೆ. ಆ ಆಸ್ಪರಜಿನ್ನನ್ನು ಒಡೆದುಹಾಕುವ ಕಿಣ್ವವನ್ನೇ ಇಂಜೆಕ್ಷನ್ ಆಗಿ ಕೊಡುತ್ತಾರೆ. ಉಪವಾಸ ಬಿದ್ದು ಅವು ಸಾಯುತ್ತವೆ. ಮಗುವಿನ ಉಳಿದ ಕೋಶಗಳು ಬಹುಪಾಲು ತಾವೇ ಮಾಡಿಕೊಂಡು ಬದುಕುತ್ತವೆ. ಅಂಥ ಲ್ಯುಕೀಮಿಯಾ ಕೋಶಗಳ ಮೇಲೆ ಪ್ರಯೋಗ ಮಾಡುವವರು ಮೀಡಿಯಾದಲ್ಲಿ ಎಷ್ಟು ಆಸ್ಪರಜಿನ್ ಇದೆ ಎಂದು ತಿಳಿಯದೆ ಹೆಜ್ಜೆ ಇಡಲೇಬಾರದು.

ಸೀನಿಯರ್ ಮಾತನ್ನು ತಳ್ಳಿಹಾಕಬೇಡ, ಪರೀಕ್ಷಿಸು. ಹಾಕಿದ್ದು ಒಂದು ಫ್ಲಾಸ್ಕ್, ಹಾಕದ್ದು ಒಂದು. ಮೂರು ಪ್ಯಾಸೇಜ್ (ಬೆಳೆದ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುವ ಸುತ್ತು) ನಡೆಸಿ ಎಣಿಸು. ಒಂದು ಮಾತು ನೆನಪಿಡು: ಪ್ರಯೋಗದ ನಡುವೆ ಮೀಡಿಯಾ ಬದಲಿಸಬೇಡ. ಹಾಕುವುದಾದರೆ ಮೊದಲಿಂದ ಕೊನೆವರೆಗೂ ಹಾಕು.

ಪ್ರಶ್ನೆ: ಲ್ಯಾಬ್ ಅಸಿಸ್ಟೆಂಟ್ ಆಗಿ ಹೊಸದಾಗಿ ಸೇರಿದ್ದೇನೆ, ಮೈಸೂರು. ಮೀಡಿಯಾ ಬಾಟಲಿ ತೆರೆದು ಒಂದು ತಿಂಗಳ ಮೇಲಾಯಿತು. ಕೋಶಗಳು ನಿಧಾನ ಆಗಿವೆ. ಮತ್ತೊಮ್ಮೆ ಗ್ಲುಟಮಿನ್ ಹಾಕಿದರೆ ಸಾಕಾ?

ಗ್ಲುಟಮಿನ್ ಮೀಡಿಯಾದಲ್ಲಿ ತಾನಾಗಿ ಒಡೆಯುತ್ತದೆ, ಕೋಶ ಇರಲಿ ಇಲ್ಲದಿರಲಿ. ಇನ್ಕ್ಯುಬೇಟರ್‌ನ 37 ಡಿಗ್ರಿಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಫ್ರಿಜ್ಜಿನಲ್ಲಿ ನಿಧಾನ, ಆದರೆ ನಿಲ್ಲುವುದಿಲ್ಲ. ಒಡೆದಾಗ ಅಮೋನಿಯಾ ಹೊರಬರುತ್ತದೆ. ಹೊಸ ಗ್ಲುಟಮಿನ್ ಹಾಕಿದರೆ ಗ್ಲುಟಮಿನ್ ತುಂಬಿಕೊಳ್ಳುತ್ತದೆ, ಅಮೋನಿಯಾ ಎಲ್ಲಿಗೂ ಹೋಗುವುದಿಲ್ಲ. ಒಂದು ಸಲ ಸೇರಿಸಿ ಆ ವಾರ ನಡೆಸಬಹುದು. ಮತ್ತೆ ಮತ್ತೆ ಸೇರಿಸಿ ಹಳೇ ಬಾಟಲಿಗೆ ಆಯಸ್ಸು ಕೊಡುವುದು ಬೇಡ.

ತೆರೆದ ದಿನ, ಗ್ಲುಟಮಿನ್ ಹಾಕಿದ ದಿನ, ಎರಡನ್ನೂ ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಗ್ಲುಟಮಿನ್‌ನ 200 ಮಿಲಿಮೋಲಾರ್ ಸ್ಟಾಕನ್ನು (ಸಾಂದ್ರ ದ್ರಾವಣ) ಚಿಕ್ಕ ಚಿಕ್ಕ ಟ್ಯೂಬಿಗೆ ಹಂಚಿ ಫ್ರೀಜರ್‌ನಲ್ಲಿಡಿ. ಕರಗಿಸಿದಾಗ ತಳದಲ್ಲಿ ಬಿಳಿ ಪುಡಿ ಕಾಣಬಹುದು. ಅದು ಕೆಟ್ಟದ್ದಲ್ಲ, ಗ್ಲುಟಮಿನ್ನೇ. 37 ಡಿಗ್ರಿಗೆ ಬೆಚ್ಚಗೆ ಮಾಡಿ, ಪೂರ್ತಿ ಕರಗುವವರೆಗೆ ಮೆಲ್ಲಗೆ ತಿರುಗಿಸಿ. ಪುಡಿ ತಳದಲ್ಲಿರುವಾಗಲೇ ಮೇಲಿನ ನೀರು ಎಳೆದು ಹಾಕಿದರೆ ಅಳತೆ ಸರಿ ಇರುವುದಿಲ್ಲ.

ಬಜೆಟ್ ಇದ್ದರೆ ಅಲನಿನ್ ಜೊತೆ ಜೋಡಿಸಿದ ಗ್ಲುಟಮಿನ್ ಸಿಗುತ್ತದೆ. ಗ್ಲುಟಾಮ್ಯಾಕ್ಸ್ ಅಂತ ಕೇಳಿರಬಹುದು. ಅದು ತಾನಾಗಿ ಒಡೆಯುವುದು ತುಂಬಾ ಕಡಿಮೆ. ಕೋಶಗಳೇ ಬೇಕಾದ ಹಾಗೆ ಬಿಡಿಸಿಕೊಳ್ಳುತ್ತವೆ.

ಪ್ರಶ್ನೆ: ಮೀಡಿಯಾ ಬಾಟಲಿಗೆ ಅಲ್ಯುಮಿನಿಯಂ ಫಾಯಿಲ್ ಸುತ್ತುವುದು ಯಾಕೆ? (ಹಾಸನ)

ರೈಬೋಫ್ಲಾವಿನ್, ಅಂದರೆ ವಿಟಮಿನ್ ಬಿ2, ಬೆಳಕು ಹೀರುತ್ತದೆ. ಪಕ್ಕದಲ್ಲಿರುವ ಟ್ರಿಪ್ಟೋಫ್ಯಾನ್, ಟೈರೋಸಿನ್ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತಿತರ ವಿಷಗಳನ್ನು ಹುಟ್ಟಿಸುತ್ತದೆ. ಮೀಡಿಯಾದ ಬಣ್ಣ ನೋಡಿದರೆ ಗೊತ್ತೇ ಆಗುವುದಿಲ್ಲ. ಗಾಜಿನ ಬಾಗಿಲಿನ ಫ್ರಿಜ್, ಅದರೊಳಗೆ ಸದಾ ಉರಿಯುವ ಟ್ಯೂಬ್‌ಲೈಟ್ ಇದ್ದರೆ ಫಾಯಿಲ್ ಸುತ್ತಲೇಬೇಕು. ಹುಡ್‌ನ (ಕೋಶಗಳ ಕೆಲಸ ಮಾಡುವ ಶುದ್ಧ ಗಾಳಿಯ ಪೆಟ್ಟಿಗೆ) ಲೈಟ್ ಕೆಳಗೆ ರಾತ್ರಿಯೆಲ್ಲ ಬಿಟ್ಟ ಬಾಟಲಿಯನ್ನು ಚೆಲ್ಲಿಬಿಡಿ.

ಪ್ರಶ್ನೆ: ನನ್ನ ಮಗ ಜಿಮ್‌ಗೆ ಹೋಗಿ ಅಮೈನೋ ಆಮ್ಲದ ಪುಡಿ ಕುಡಿಯುತ್ತಾನೆ. ಮಗಳು ಲ್ಯಾಬಿನಲ್ಲಿದ್ದಾಳೆ. ಎರಡೂ ಒಂದೇ ಅಲ್ವಾ? (ತುಮಕೂರು)

ಅಲ್ಲಮ್ಮ. ಲ್ಯಾಬಿನ ಬಾಟಲಿ ಮನುಷ್ಯರು ಕುಡಿಯಲು ಮಾಡಿದ್ದಲ್ಲ. ಜಿಮ್ಮಿನ ಪುಡಿಯಲ್ಲಿ ಸಾಮಾನ್ಯವಾಗಿ ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಹೆಚ್ಚಿರುತ್ತವೆ. ಜೊತೆಗೆ ರುಚಿಗೆ, ಸಿಹಿಗೆ ಏನೇನೋ ಸೇರಿರುತ್ತದೆ. ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿದ ಶುದ್ಧ ದ್ರಾವಣವೂ ಅದಲ್ಲ. ಅದನ್ನು ಫ್ಲಾಸ್ಕಿಗೆ ಹಾಕಿದರೆ ಕೋಶಗಳು ಉಳಿಯುವುದಿಲ್ಲ. ಮಗನಿಗೆ ಎಷ್ಟು ಬೇಕು, ಬೇಕೋ ಬೇಡವೋ, ಅದನ್ನು ವೈದ್ಯರನ್ನೇ ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಡಿಎಂಇಎಂನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ವಿಟಮಿನ್ ಸಿ ಹಾಕಿದೆ. ಮರುದಿನ ಬಹಳಷ್ಟು ಸತ್ತಿದ್ದವು. ತುಂಬಾ ಖುಷಿಯಾಗಿದೆ. ಇತರ ವಿಟಮಿನ್‌ಗಳ ದ್ರಾವಣವನ್ನೂ ಎರಡು ಪಟ್ಟು ಹಾಕಿ ನೋಡಲೇ?

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ: ಬೇಡ. ಎಂಇಎಂನಲ್ಲಿ ಫೋಲಿಕ್ ಆಮ್ಲ, ಥಯಮಿನ್ ಮುಂತಾದವು ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಡಿಎಂಇಎಂನಲ್ಲಿ ಆಗಲೇ 4 ಮಿಲಿಗ್ರಾಂ ಇವೆ. ಕೊರತೆ ಇಲ್ಲದ ಕಡೆ ಸುರಿದರೆ ಕೋಶ ಬೇಗ ಬೆಳೆಯುವುದಿಲ್ಲ. ಫೋಲಿಕ್ ಆಮ್ಲದಲ್ಲಂತೂ ಎಚ್ಚರ ಇರಲಿ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮೆರಿಕದಲ್ಲಿ ಫೋಲಿಕ್ ಆಮ್ಲವನ್ನೂ, ಅದಕ್ಕೆ ಅಡ್ಡಗಾಲು ಹಾಕುವ ಔಷಧಗಳನ್ನೂ ತಯಾರಿಸಿತು. ಅದೇ ಸಾಲಿನ ಕ್ಯಾನ್ಸರ್ ಔಷಧ ಮೆಥೊಟ್ರೆಕ್ಸೇಟನ್ನು ನೀವು ಪರೀಕ್ಷಿಸುವುದಾದರೆ ಮೀಡಿಯಾದ ಫೋಲಿಕ್ ಆಮ್ಲದ ಪ್ರಮಾಣವೇ ಉತ್ತರವನ್ನು ಬದಲಿಸಬಲ್ಲದು.

ಈಗ ವಿಟಮಿನ್ ಸಿ. ಇಲ್ಲಿ ನನ್ನ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಕೇಳಿಸಿಕೊಳ್ಳಿ. ಡಿಎಂಇಎಂನಲ್ಲಿ ವಿಟಮಿನ್ ಸಿ ಇಲ್ಲ. ಹೊರಗಿನಿಂದ ಹಾಕಿದ್ದು ಕೆಲವೇ ಗಂಟೆಗಳಲ್ಲಿ ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುತ್ತದೆ. ಕೆಡುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ನಿಮ್ಮ ಕೋಶಗಳನ್ನು ಕೊಂದದ್ದು ಮೀಡಿಯಾದಲ್ಲಿ ಹುಟ್ಟಿದ ಈ ಪೆರಾಕ್ಸೈಡ್ ಇರಬಹುದು. ಮನುಷ್ಯನ ದೇಹದಲ್ಲಿ ಕೆಂಪು ರಕ್ತಕಣಗಳು ಅದನ್ನು ಕ್ಷಣದಲ್ಲಿ ಒಡೆಯುತ್ತವೆ. ಫ್ಲಾಸ್ಕಿನಲ್ಲಿ ಅವಿಲ್ಲ. ‘ವಿಟಮಿನ್ ಸಿಯಿಂದ ಕ್ಯಾನ್ಸರ್ ಗುಣ’ ಅನ್ನುವ ಸುದ್ದಿ ಇಂಥ ಫ್ಲಾಸ್ಕಿನಿಂದ ಹೊರಟು ರೋಗಿಯ ಮನೆ ಮುಟ್ಟುತ್ತದೆ. ಅಲ್ಲಿ ಯಾರೋ ಕೀಮೋ ಬಿಟ್ಟು ಮಾತ್ರೆ ನುಂಗುತ್ತಾರೆ. ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ವಿಟಮಿನ್ ಸಿ ಮೀಡಿಯಾಗೆ ಬೇಡವೇ ಬೇಡ ಅಂತಲ್ಲ. ಮೂಳೆ ಕೋಶಗಳು ಕೊಲಾಜೆನ್ ಗಟ್ಟಿಯಾಗಿ ಹೆಣೆಯಲು ಅದು ಬೇಕು. ಆ ಕೋಶ ಬೆಳೆಸುವವರು ಬಹಳ ಸಲ ಬಳಸುವುದು ಆಸ್ಕಾರ್ಬಿಕ್ ಆಮ್ಲದ, ಅಂದರೆ ವಿಟಮಿನ್ ಸಿಯ, 2-ಫಾಸ್ಫೇಟ್ ರೂಪ. ಅದು ಮೀಡಿಯಾದಲ್ಲಿ ಬೇಗ ಕೆಡುವುದಿಲ್ಲ.

ನಿಮ್ಮ ಪ್ರಯೋಗವನ್ನು ಹೀಗೆ ಮತ್ತೆ ಮಾಡಿ. ವಿಟಮಿನ್ ಸಿ ಜೊತೆಗೆ ಪೆರಾಕ್ಸೈಡ್ ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದ ಒಂದು ಫ್ಲಾಸ್ಕ್ ಇರಲಿ. ಕೋಶವೇ ಇಲ್ಲದ, ಬರೀ ಮೀಡಿಯಾ ಮತ್ತು ವಿಟಮಿನ್ ಸಿ ಇರುವ ಇನ್ನೊಂದರಲ್ಲಿ ಪೆರಾಕ್ಸೈಡ್ ಅಳೆಯಿರಿ. ಕ್ಯಾಟಲೇಸ್ ಹಾಕಿದ ಕೋಶಗಳು ಬದುಕಿಕೊಂಡರೆ, ಆ ಎರಡೂ ಫಲಿತಾಂಶಗಳನ್ನು ಗೈಡ್ ಮುಂದಿಟ್ಟು ಮಾತಾಡಿ. ಪೇಪರ್ ಬರೆಯುವುದು ಆಮೇಲೆ.